ಹೊರಬೀಳುವಲ್ಲೇ ಅಳೆಯುವಾಗ ಹಾಲು, ಕಡಲಕಳೆಗಳ ಪರೀಕ್ಷೆ ಏಕೆ?

ಪ್ರಶ್ನೆ:
ಬಳಸಿದ ಪರಮಾಣು ಇಂಧನವನ್ನು ಮರುಸಂಸ್ಕರಿಸುವ (ಕರಗಿಸಿ ಯುರೇನಿಯಂ, ಪ್ಲುಟೋನಿಯಂಗಳನ್ನು ಬೇರ್ಪಡಿಸುವ) ಸ್ಥಾವರಗಳಲ್ಲಿ ಚಿಮಣಿಯಿಂದ ಹೊರಡುವ ಅನಿಲವನ್ನೂ ಕೊಳವೆಯ ಮೂಲಕ ಸಮುದ್ರ ಸೇರುವ ದ್ರವವನ್ನೂ ಹೊರಬೀಳುವ ಜಾಗದಲ್ಲೇ ಅಳೆಯುತ್ತಾರೆ. ಹೀಗಿರುವಾಗ ಸುತ್ತಲಿನ ಹುಲ್ಲು, ಹಾಲು, ಮೀನು, ಕಡಲಕಳೆಗಳ ಮಾದರಿಗಳನ್ನು ವರ್ಷವಿಡೀ ಸಂಗ್ರಹಿಸುವುದರಿಂದ ಹೆಚ್ಚಿಗೆ ತಿಳಿಯುವುದೇನು? ಅದರಿಂದ ತ್ಯಾಜ್ಯ ನಿರ್ವಹಣೆಯ ಕ್ರಮ ನಿಜಕ್ಕೂ ಬದಲಾದ ಉದಾಹರಣೆ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ಚಿಮಣಿಯ ಮಾಪಕವು ಎಷ್ಟು ಹೊರಹೋಯಿತೆಂದು ಹೇಳುತ್ತದೆಯೇ ಹೊರತು ಅದು ಎಲ್ಲಿ ಹೋಗಿ ಕೂಡಿಕೊಂಡಿತೆಂದು ಹೇಳುವುದಿಲ್ಲ. ಗಾಳಿಯಲ್ಲಿ ತೀರಾ ತೆಳುವಾಗಿರುವ ವಿಕಿರಣಶೀಲ ಅಯೋಡಿನ್ ಹುಲ್ಲಿನ ಮೇಲೆ ಕುಳಿತು, ಮೇಯುವ ಹಸುವಿನ ಹಾಲಿಗಿಳಿದು, ಕೊನೆಗೆ ಮಕ್ಕಳ ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಗುತ್ತದೆ. 1957ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ವಿಂಡ್‌ಸ್ಕೇಲ್ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲಿನ ಮಾರಾಟವನ್ನು ತಡೆದದ್ದು ಹಾಲನ್ನೇ ಅಳೆದು ನೋಡಿದ ಮೇಲೆ. ಅಲ್ಲಿದ್ದದ್ದು ಎಂಟು ದಿನಗಳ ಅರ್ಧಾಯುಷ್ಯದ (ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ) ಅಯೋಡಿನ್-131. ವರ್ಷಗಟ್ಟಲೆ ತಣಿಸಿದ ಇಂಧನದಲ್ಲಿ ಅದು ಉಳಿದಿರುವುದಿಲ್ಲ; ಆದರೆ ಒಂದೂವರೆ ಕೋಟಿ ವರ್ಷಕ್ಕೂ ಮೀರಿದ ಅರ್ಧಾಯುಷ್ಯದ ಅಯೋಡಿನ್-129 ಇದ್ದೇ ಇರುತ್ತದೆ.

ಉತ್ತರ 2:
ತಾವು ಕೇಳಿದ ಉದಾಹರಣೆ ಬ್ರಿಟನ್ನಿನ ಪರಮಾಣು ಇಂಧನ ಮರುಸಂಸ್ಕರಣಾ ನೆಲೆಯಾಗಿದ್ದ ಸೆಲ್ಲಾಫೀಲ್ಡ್‌ನಲ್ಲಿದೆ. ಹಿಂದೆ ಟ್ಯಾಂಕುಗಳಲ್ಲಿ ಕೂಡಿಟ್ಟಿದ್ದ ದ್ರವ ತ್ಯಾಜ್ಯವನ್ನು 1994ರಿಂದ ಹೊಸ ಘಟಕವೊಂದರಲ್ಲಿ ಶುದ್ಧೀಕರಿಸತೊಡಗಿದರು. ಆ ಘಟಕ ಪ್ಲುಟೋನಿಯಂ, ಅಮೆರಿಸಿಯಂಗಳನ್ನು ಹಿಡಿದಿಟ್ಟಿತು. ಟೆಕ್ನೀಷಿಯಂ-99 ಎಂಬ ವಿಕಿರಣಶೀಲ ಲೋಹ ಮಾತ್ರ ಅದರ ಕೈಗೆ ಸಿಗದೆ ಸಮುದ್ರಕ್ಕೆ ಹರಿಯಿತು. ಲಾಬ್‌ಸ್ಟರ್ ಮತ್ತು ಕಡಲಕಳೆಗಳಲ್ಲಿ ಅದರ ಪ್ರಮಾಣ ಏರಿತು, ಪ್ರವಾಹದೊಂದಿಗೆ ಸಾಗಿ ನಾರ್ವೆಯ ಕರಾವಳಿಯಲ್ಲೂ ಅದು ಕಾಣಿಸಿಕೊಂಡಿತು, ನಾರ್ವೆ ಬಲವಾಗಿ ಆಕ್ಷೇಪಿಸಿತು. ಕೊನೆಗೆ 2004ರಲ್ಲಿ ಒಂದು ರಾಸಾಯನಿಕವನ್ನು ಬೆರೆಸಿ ಟೆಕ್ನೀಷಿಯಂ ಅನ್ನು ಗಟ್ಟಿಯಾಗಿ ತಳಕ್ಕಿಳಿಸಿ, ಸಿಮೆಂಟಿನಲ್ಲಿ ಬಂಧಿಸಿ ಡ್ರಮ್ಮುಗಳಲ್ಲಿ ಇಡುವ ಕ್ರಮ ಜಾರಿಗೆ ಬಂದಿತು. ಅದರ ಅರ್ಧಾಯುಷ್ಯ ಎರಡು ಲಕ್ಷ ವರ್ಷಗಳಿಗೂ ಹೆಚ್ಚಾದ್ದರಿಂದ ತ್ಯಾಜ್ಯ ಇಲ್ಲವಾಯಿತು ಎನ್ನುವಂತಿಲ್ಲ, ಸಮುದ್ರದ ಬದಲು ನೆಲದ ಮೇಲೆ ಉಳಿಯಿತು. ಆದರೂ ಎಲ್ಲಿದೆಯೆಂದು ಗೊತ್ತಿರುವ ತ್ಯಾಜ್ಯವೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 3:
ಇದಕ್ಕೊಂದು ಎಚ್ಚರಿಕೆಯನ್ನು ಸೇರಿಸಬೇಕು. ಅದೇ ನೆಲೆಯ ಥಾರ್ಪ್ ಮರುಸಂಸ್ಕರಣಾ ಘಟಕದಲ್ಲಿ ಕೊಳವೆಯೊಂದು ಮುರಿದು, ಕರಗಿಸಿದ ಇಂಧನವಿದ್ದ ಸುಮಾರು 83,000 ಲೀಟರ್ ಆಮ್ಲ ದ್ರಾವಣ ತಿಂಗಳುಗಟ್ಟಲೆ ಸೋರಿತ್ತು. ಅದು ಪತ್ತೆಯಾದದ್ದು 2005ರ ಏಪ್ರಿಲ್‌ನಲ್ಲಿ. ದ್ರಾವಣವೆಲ್ಲ ಉಕ್ಕಿನ ಒಳಹೊದಿಕೆಯ ಕೋಣೆಯಲ್ಲೇ ನಿಂತದ್ದರಿಂದ ಹಾಲಿನ ಮಾದರಿಯಾಗಲಿ ಕಡಲಕಳೆಯಾಗಲಿ ಅದನ್ನು ತೋರಿಸುವಂತಿರಲಿಲ್ಲ. ಒಳಹೋದ ಯುರೇನಿಯಂಗೂ ಮುಂದಿನ ಟ್ಯಾಂಕಿನಲ್ಲಿ ಸಿಕ್ಕ ಯುರೇನಿಯಂಗೂ ತಾಳೆಯಾಗದೆ ಹೋದಾಗ, ಕ್ಯಾಮೆರಾ ಇಳಿಸಿ ನೋಡಿದ ಮೇಲೆ ಸೋರಿಕೆ ಕಂಡಿತು. ಕೋಣೆಯ ತಳಗುಂಡಿಯ ದ್ರವದ ಪರೀಕ್ಷೆ ಮೊದಲೇ ಸುಳಿವು ಕೊಟ್ಟಿತ್ತು, ಯಾರೂ ಅದರ ಬೆನ್ನುಹತ್ತಲಿಲ್ಲ.