‘ದನ ಬಿಡಿ’, ‘ಹಗ್ಗ ಸಡಿಲಿಸಿ’, ‘ಕಣ್ಣಿ ಬಿಚ್ಚಿ’: ಯಾವುದು ಸರಿ?

ಮಾನ್ಯರೆ,

ಗೋವೆಯ ವಾಸ್ಕೊ, ಜುವಾರಿನಗರಗಳ ಕನ್ನಡ ಕುಟುಂಬಗಳಿಗಾಗಿ, ಚಂಡಮಾರುತ ಬರುವ ಮುನ್ನ ಮನೆಯಲ್ಲೂ ಕೊಟ್ಟಿಗೆಯಲ್ಲೂ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಒಂದೇ ಪುಟದಲ್ಲಿ ಬರೆಯುತ್ತಿದ್ದೇನೆ. ಓದುವವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯವರಿದ್ದಾರೆ, ಕಾರವಾರ, ಕುಮಟೆಯವರೂ ಇದ್ದಾರೆ. ಕಟ್ಟಿದ ದನಗಳನ್ನು ಬಿಚ್ಚಲು ಹೇಳುವಾಗ ಇಬ್ಬರಿಗೂ ತಪ್ಪಿಲ್ಲದೆ ತಿಳಿಯುವ ಕ್ರಿಯಾಪದವೊಂದು ಬೇಕಾಗಿದೆ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸೂಚನೆಗಳಲ್ಲಿ, ಜಾನುವಾರುಗಳ ಸುರಕ್ಷತೆಗಾಗಿ ಅವುಗಳ ಕಟ್ಟು ಬಿಚ್ಚಬೇಕೆಂಬ ಮಾತಿದೆ. ತಗಡಿನ ಮಾಡು ಕುಸಿದಾಗ ಅಥವಾ ನೀರು ನುಗ್ಗಿದಾಗ ಗೂಟಕ್ಕೆ ಕಟ್ಟಿದ ದನ ಅಲ್ಲೇ ಸಿಕ್ಕಿಬೀಳುತ್ತದೆ. ಬಿಚ್ಚಿದ ದನಕ್ಕೆ ಎತ್ತರದ ಜಾಗಕ್ಕೆ ಹೋಗುವ ಅವಕಾಶವಾದರೂ ಇರುತ್ತದೆ. ಇದನ್ನು ‘ದನ ಬಿಡಿ’ ಎಂದು ಬರೆದರೆ ಊರಿನವರಿಗೆ ಮೇಯಲು ಬಿಡುವುದೆಂದೂ, ಪಟ್ಟಣದವರಿಗೆ ಬೀದಿಗೆ ಅಟ್ಟುವುದೆಂದೂ ತೋರಬಹುದು. ‘ಹಗ್ಗ ಸಡಿಲಿಸಿ’ ಎಂಬುದು ಕೇಳಲು ಸೌಮ್ಯವಾಗಿದ್ದರೂ ಮೂರರಲ್ಲಿ ಅದೇ ಅಪಾಯದ್ದು, ಏಕೆಂದರೆ ಉದ್ದವಾದ ಹಗ್ಗ ಹೆದರಿದ ದನದ ಕಾಲಿಗೋ ಕೊರಳಿಗೋ ಸುತ್ತಿಕೊಳ್ಳುತ್ತದೆ. ಆದ್ದರಿಂದ ನನ್ನ ಒಲವು ‘ಕಣ್ಣಿ ಬಿಚ್ಚಿ’ ಎಂಬುದರ ಕಡೆಗಿದೆ (ಕಣ್ಣಿ ಎಂದರೆ ದನದ ಕೊರಳಿಗೆ ಕಟ್ಟುವ ಹಗ್ಗ). ಆದರೆ ಸಾಲಾಗಿ ಕಟ್ಟುವ ಕಡೆ, ಹಲವು ದನಗಳನ್ನು ಕಟ್ಟುವ ಉದ್ದ ಹಗ್ಗಕ್ಕೆ ‘ದಾವಣಿ’ ಎಂಬ ಮಾತೂ ಉಂಟಲ್ಲ, ಅಲ್ಲಿ ಪ್ರತಿಯೊಂದು ದನವನ್ನೂ ಬೇರೆಬೇರೆಯಾಗಿ ಬಿಚ್ಚಬೇಕೆಂಬುದನ್ನು ಹೇಗೆ ಸೂಚಿಸುವುದು? (ದಾವಣಿ ಎಂದರೆ ಹೊಸ ತಲೆಮಾರಿನವರಿಗೆ ಲಂಗದ ಜೊತೆಯದೇ ನೆನಪಾದೀತು.) ನಾಯಿಗೆ ‘ಸರಪಳಿ ಕಳಚಿ’ ಎಂದರೆ ಸಾಕು, ಅದರಲ್ಲಿ ಗೊಂದಲವಿಲ್ಲ.

ಗಾಳಿಯ ಹೆಸರಿನ ಬಗ್ಗೆಯೂ ಒಂದು ಮಾತು. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ, 89 ಮುಟ್ಟಿದರೆ ತೀವ್ರ ಚಂಡಮಾರುತ, 118 ಮುಟ್ಟಿದರೆ ಅತಿ ತೀವ್ರ. 2021ರ ಮೇ ತಿಂಗಳಲ್ಲಿ ಗೋವೆಯ ಕರಾವಳಿಯ ಪಕ್ಕದಲ್ಲೇ ಹಾದುಹೋದ ತೌಕ್ತೆ ಚಂಡಮಾರುತದ ಸುದ್ದಿಯಿಂದಾಗಿ ‘ಚಂಡಮಾರುತ’ ಇಲ್ಲಿನವರಿಗೆ ಪರಿಚಿತ ಪದವೇ ಆಗಿದೆ. ಹೀಗಿರುವಾಗ ಸರಳವಾಗಲಿ ಎಂದು ‘ಬಿರುಗಾಳಿ’ ಎಂದು ಬರೆದರೆ ಮಳೆಗಾಲದ ಮುಂಚಿನ ಒಂದು ಸಂಜೆಯ ಗಾಳಿಯಷ್ಟಕ್ಕೇ ಅರ್ಥ ಇಳಿಯುತ್ತದೆ. ‘ಸುಂಟರಗಾಳಿ’ಯಂತೂ ಬಯಲುಸೀಮೆಯವರಿಗೆ ಹೊಲದಲ್ಲಿ ಧೂಳೆಬ್ಬಿಸಿ ತಿರುಗುವ ಗಾಳಿ.

ಹೊದಿಕೆಗೆ ‘ತಾಡಪತ್ರಿ’ ಎಂದೇ ಬರೆದಿದ್ದೇನೆ. ಉತ್ತರ ಕರ್ನಾಟಕದವರಿಗೂ ಮರಾಠಿ ಬಲ್ಲವರಿಗೂ ಅದು ತಿಳಿಯುತ್ತದೆ. ‘ಟಾರ್ಪಾಲು’ ಬೇಕೆನ್ನುವವರು ತಿಳಿಸಬೇಕು.

ಇನ್ನು ಚಂಡಮಾರುತದ ಕಣ್ಣು, ಅಂದರೆ ಅದರ ನಟ್ಟನಡುವಿನ ಶಾಂತ ಭಾಗ. ಅದು ತಲೆಯ ಮೇಲೆ ಬಂದಾಗ ಗಾಳಿ ಅಡಗಿ, ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತದೆ. ‘ಗಾಳಿ ಶಮನವಾದ ಮೇಲೆ ಹೊರಗೆ ಬನ್ನಿ’ ಎಂದು ಬರೆದರೆ, ಆ ನಡುವಿನ ಬಿಡುವಿನಲ್ಲೇ ಜನರು ಹಾರಿಹೋದ ತಗಡನ್ನೋ ದನವನ್ನೋ ಹುಡುಕಿಕೊಂಡು ಹೊರಟಾರು. ‘ಗಾಳಿ ನಿಂತರೂ, ಅಧಿಕಾರಿಗಳು ಹೇಳುವವರೆಗೆ ಹೊರಗೆ ಬರಬೇಡಿ’ ಎಂಬ ವಾಕ್ಯ ಉದ್ದವಾದರೂ ಇರಲಿ ಎಂದುಕೊಂಡಿದ್ದೇನೆ. ಈ ಬಿಡುವಿಗೆ ಕುಮಟೆ, ಕಾರವಾರಗಳ ಮೀನುಗಾರರ ಮಾತಿನಲ್ಲಿ ಬೇರೆ ಹೆಸರಿದ್ದರೆ ಅದನ್ನೂ, ಕಣ್ಣಿ ಮತ್ತು ದಾವಣಿಗಳಿಗೆ ತಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ಪದಗಳನ್ನೂ ದಯವಿಟ್ಟು ತಿಳಿಸಿ.