ಸಹಾಯ ಬೇಕು: ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ 605. ಮೊದಲ ಸುತ್ತಿಗೇ ಅರ್ಜಿ ಹಾಕುವುದೋ, ಮತ್ತೆ ಬರೆಯುವುದೋ?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಪೂರ್ಣಾವಧಿ ಎಂಬಿಎಗೆ ತಯಾರಿ ನಡೆದಿದೆ. ಸದ್ಯದ ಅಂಕ: ಕ್ವಾಂಟ್ (ಗಣಿತ) 84, ವರ್ಬಲ್ (ಇಂಗ್ಲಿಷ್ ಓದು, ತರ್ಕ) 80, ಡೇಟಾ ಇನ್‌ಸೈಟ್ಸ್ (ದತ್ತಾಂಶ ವಿಶ್ಲೇಷಣೆ) 76. ಮೂರಕ್ಕೂ ಸಮ ತೂಕವಿರುವುದರಿಂದ ಕೊನೆಯದೊಂದೇ 82ಕ್ಕೆ ಏರಿದರೂ ಒಟ್ಟು 645 ಆಗುತ್ತದೆ. ಪರ್ಸೆಂಟೈಲ್ ಲೆಕ್ಕದಲ್ಲಿ ಅದು ಹಳೆಯ ಮಾದರಿಯ ಜಿಮ್ಯಾಟ್‌ನ 700ರ ಆಸುಪಾಸು, ಬಿಡುವಂಥದ್ದಲ್ಲ.

ಡೇಟಾ ಇನ್‌ಸೈಟ್ಸ್‌ನಲ್ಲಿ ತೊಡಕಿರುವುದು ಸಮಯದ್ದು. 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. ಹಲವು ಟ್ಯಾಬ್‌ಗಳ ಮಾಹಿತಿ ನೋಡಿ ಒಂದು ಸೆಟ್ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಮಲ್ಟಿ-ಸೋರ್ಸ್ ರೀಸನಿಂಗ್‌ನಲ್ಲಿ ಆ ಟ್ಯಾಬ್‌ಗಳನ್ನು ಓದುವಷ್ಟರಲ್ಲೇ ನಾಲ್ಕು ನಿಮಿಷ ಹೋಗುತ್ತದೆ. ಒಂದೇ ಪ್ರಶ್ನೆಯ ಮೂರು ಭಾಗಗಳಲ್ಲಿ ಒಂದು ತಪ್ಪಿದರೂ ಅಂಕವಿಲ್ಲ. ಕೊನೆಯ ಪ್ರಶ್ನೆಗಳನ್ನು ಖಾಲಿ ಬಿಟ್ಟರಂತೂ ದಂಡ. ಊಹೆಯ ಉತ್ತರ ಒತ್ತಿ ಮುಂದೆ ಹೋಗಿ ಆಮೇಲೆ ತಿದ್ದೋಣವೆಂದರೆ, ತಿದ್ದಲು ಸಿಗುವುದು ಮೂರೇ ಉತ್ತರ. ಒಂದು ಸೆಟ್‌ಗೇ ಅದು ಮುಗಿದುಹೋಗುತ್ತದೆ. ಇಡೀ ಸೆಟ್‌ಗೆ ಊಹೆಯ ಉತ್ತರ ಒತ್ತಿ, ಡೇಟಾ ಸಫಿಷಿಯೆನ್ಸಿಗೆ (ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೇ ಎಂದು ಕೇಳುವ ಪ್ರಶ್ನೆಗಳಿಗೆ) ಸಮಯ ಉಳಿಸಿ ಲಾಭ ಕಂಡವರಿದ್ದೀರಾ?

ಮರುಪರೀಕ್ಷೆಗೆ 16 ದಿನ ಕಾಯಲೇಬೇಕು. ಅರ್ಜಿಯ ಮೊದಲ ಸುತ್ತಾದ ಸೆಪ್ಟೆಂಬರ್ ಬಿಟ್ಟರೆ ಮುಂದಿನ ಸುತ್ತು ಜನವರಿ. ಅರ್ಜಿಯ ಪ್ರಬಂಧಗಳು ಇನ್ನೂ ಹಸಿ ಕರಡು. ದುರ್ಬಲ ಅರ್ಜಿಯನ್ನು ಬೇಗ ಕಳಿಸುವುದಕ್ಕಿಂತ ಜನವರಿಯೇ ಲೇಸು ಅನ್ನಿಸುತ್ತಿದೆ. ಆದರೆ ವಿದ್ಯಾರ್ಥಿವೇತನದ ಹಣ ಅಷ್ಟರಲ್ಲಿ ಕರಗಿರುತ್ತದೆಯೇ?

ಇನ್ನೊಂದು ವಿಷಯ. ಶಿಫಾರಸು ಪತ್ರವನ್ನು "ನೀನೇ ಬರೆದುಕೊಡು, ಸಲ್ಲಿಸ್ತೀನಿ" ಅಂತಿದ್ದಾರೆ ಮ್ಯಾನೇಜರ್. ಇದು ನಿಯಮಕ್ಕೆ ವಿರುದ್ಧ. ಪ್ರಬಂಧ, ಪತ್ರ ಎರಡರ ಶೈಲಿಯೂ ಒಂದೇ ಆದರೆ ಸಿಕ್ಕಿಬೀಳುವುದೂ ಸುಲಭ. ಕೆಲಸಗಳ ವಿವರವನ್ನು ಒಂದು ಪುಟದಲ್ಲಿ ಕೊಟ್ಟು ಅವರಿಂದಲೇ ಬರೆಸಿದವರು, ಅದರಲ್ಲಿ ಏನೇನು ಸೇರಿಸಿದಿರಿ ಎಂದು ದಯವಿಟ್ಟು ತಿಳಿಸಿ.