ಪೇಸ್‌ಮೇಕರ್ ಸರಿಯಿದ್ದರೂ ಹೃದಯದ ಪಂಪಿಂಗ್ ಕುಗ್ಗಿದೆ, ಏಕೆ?

ಪ್ರಶ್ನೆ:
ನಮಸ್ಕಾರ. ನನ್ನ ತಂದೆಯವರಿಗೆ 71 ವರ್ಷ. ಕಂಪ್ಲೀಟ್ ಹಾರ್ಟ್ ಬ್ಲಾಕ್ (ಹೃದಯದ ಮೇಲಿನ ಕೋಣೆಗಳ ವಿದ್ಯುತ್ ಸಂಕೇತ ಕೆಳಗಿನ ಕೋಣೆಗಳಿಗೆ ತಲುಪದಿರುವುದು) ಆಗಿ ನಾಡಿಬಡಿತ 35ಕ್ಕೆ ಇಳಿದಿದ್ದರಿಂದ ಎರಡು ವರ್ಷಗಳ ಹಿಂದೆ ಅವರಿಗೆ ಪೇಸ್‌ಮೇಕರ್ ಅಳವಡಿಸಲಾಯಿತು. ಆಮೇಲೆ ಬಹುಕಾಲ ಮೊದಲಿನಂತೆಯೇ ತೋಟಕ್ಕೆ ಹೋಗಿಬರುತ್ತಿದ್ದರು. ಈಚೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ, ಸಂಜೆಗೆ ಪಾದಗಳು ಊದಿಕೊಳ್ಳುತ್ತವೆ. ಮೊದಲು ಶೇಕಡಾ 60 ಇದ್ದ ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಈಗಿನ ಎಕೋದಲ್ಲಿ 38 ಎಂದು ಬಂದಿದೆ. ಯಂತ್ರವನ್ನು ಪರೀಕ್ಷಿಸಿದವರು ಬ್ಯಾಟರಿಯೂ ತಂತಿಯೂ ಚೆನ್ನಾಗಿವೆ ಎನ್ನುತ್ತಾರೆ. ಹಾಗಾದರೆ ತೊಂದರೆ ಎಲ್ಲಿದೆ? ಯಂತ್ರವನ್ನೇ ತೆಗೆಸಿಬಿಡಿ ಎಂದು ಕೆಲವು ಬಂಧುಗಳು ಹೇಳುತ್ತಿದ್ದಾರೆ.

ಉತ್ತರ 1 (ಹೃದ್ರೋಗ ವಿಭಾಗದ ವೈದ್ಯ):
ದಯವಿಟ್ಟು ತೆಗೆಸುವ ಮಾತೇ ಬೇಡ; ತಂದೆಯವರ ನಾಡಿ ಆ ಯಂತ್ರವನ್ನೇ ಅವಲಂಬಿಸಿರಬಹುದು. ಸಹಜ ಹೃದಯದಲ್ಲಿ ವಿದ್ಯುತ್ ಸಂಕೇತವು ತನ್ನದೇ ನರಮಾರ್ಗದಂತಹ ವಿಶೇಷ ಎಳೆಗಳಲ್ಲಿ ಹರಿದು ಎರಡೂ ಹೃತ್ಕುಕ್ಷಿಗಳನ್ನು (ರಕ್ತವನ್ನು ಹೊರದೂಡುವ ಕೆಳಗಿನ ಕೋಣೆಗಳನ್ನು) ಬಹುತೇಕ ಏಕಕಾಲಕ್ಕೆ ತಲುಪುತ್ತದೆ. ತಂತಿಯು ಬಲ ಹೃತ್ಕುಕ್ಷಿಯ ತುದಿಯಲ್ಲಿದ್ದಾಗ ಆ ಸಂಕೇತ ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ಸಾಗಬೇಕಾಗುವುದರಿಂದ, ಎಡ ಹೃತ್ಕುಕ್ಷಿಯ ಹೊರಗೋಡೆ ತಡವಾಗಿ ಕುಗ್ಗುತ್ತದೆ. ಹೃದಯ ಒಟ್ಟಾಗಿ ಹಿಂಡದೆ ವರ್ಷಗಳು ಕಳೆದರೆ ಕೆಲವರಲ್ಲಿ ಅದು ಹಿಗ್ಗಿ ದುರ್ಬಲವಾಗುತ್ತದೆ. ಇದನ್ನೇ ಪೇಸಿಂಗ್ ಇಂಡ್ಯೂಸ್ಡ್ ಕಾರ್ಡಿಯೋಮಯೋಪತಿ ಎನ್ನುವುದು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಶೇಕಡಾ 20ಕ್ಕಿಂತ ಹೆಚ್ಚು ಬಡಿತಗಳನ್ನು ಯಂತ್ರವೇ ನಡೆಸುತ್ತಿದ್ದರೆ ಎಚ್ಚರ ಬೇಕು. ಹಾಗೆಂದು ಇದೇ ಕಾರಣವೆಂದು ಈಗಲೇ ತೀರ್ಮಾನಿಸಬಾರದು. ಹೃದಯದ ರಕ್ತನಾಳಗಳಲ್ಲಿ ಅಡಚಣೆಯಿದೆಯೇ, ತಂತಿ ಹಾದುಹೋಗುವ ಟ್ರೈಕಸ್ಪಿಡ್ ಕವಾಟ ಸೋರುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು.

ಉತ್ತರ 2:
ನನ್ನ ತಾಯಿಯವರಿಗೂ ಹೀಗೆಯೇ ಆಗಿತ್ತು. ಎಡ ಹೃತ್ಕುಕ್ಷಿಗೆ ಇನ್ನೊಂದು ತಂತಿ ಸೇರಿಸಿ ಸಿಆರ್‌ಟಿಗೆ (ಎರಡೂ ಹೃತ್ಕುಕ್ಷಿಗಳನ್ನು ಒಟ್ಟಾಗಿ ಬಡಿಯುವಂತೆ ಮಾಡುವ ಪೇಸಿಂಗ್‌ಗೆ) ಬದಲಾಯಿಸಿದ ಮೇಲೆ ಏಳೆಂಟು ತಿಂಗಳಲ್ಲಿ ಅವರ ಪಂಪಿಂಗ್ ಸಾಕಷ್ಟು ಸುಧಾರಿಸಿತು. ಮರುಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಭಯ ಮೊದಲಿಗಿಂತ ಹೆಚ್ಚೆಂದು ನಮಗೆ ತಿಳಿಸಿದ್ದರು. ಯಂತ್ರವಿರುವ ಜಾಗ ಕೆಂಪಾದರೆ, ಊದಿದರೆ ಅಥವಾ ಜ್ವರ ಬಂದರೆ ಊರಿನ ಚಿಕಿತ್ಸಾಲಯದಲ್ಲಿ ಸೂಜಿ ಚುಚ್ಚಿ ಕೀವು ತೆಗೆಸಬೇಡಿ. ಯಂತ್ರ ಅಳವಡಿಸಿದವರಿಗೇ ತೋರಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಳೆಯ ವರದಿ ತೆಗೆದು ನೋಡಿದೆ: ಹೃತ್ಕುಕ್ಷಿಯ ಪೇಸಿಂಗ್ ಶೇಕಡಾ 99 ಎಂದಿದೆ, ಅಂದರೆ ಬಹುತೇಕ ಎಲ್ಲ ಬಡಿತಗಳನ್ನೂ ಯಂತ್ರವೇ ನಡೆಸುತ್ತಿದೆ. ಅದರ ಅರ್ಥ ನಮಗೆ ಯಾರೂ ಹೇಳಿರಲಿಲ್ಲ. ಗುರುವಾರ ಆಂಜಿಯೋಗ್ರಾಮ್ ಇದೆ.

ಉತ್ತರ 1:
ಅಂದು ಆ ವರದಿಯನ್ನೂ, ಯಂತ್ರ ಹಾಕುವ ಮುಂಚಿನ ಎಕೋವನ್ನೂ ತಪ್ಪದೆ ಒಯ್ಯಿರಿ. ರಕ್ತನಾಳಗಳು ಶುದ್ಧವಾಗಿದ್ದರೆ ಸಿಆರ್‌ಟಿಯ ಜೊತೆಗೆ, ಹೃದಯದ ಸಹಜ ಎಳೆಗಳನ್ನೇ ಪ್ರಚೋದಿಸುವ ಲೆಫ್ಟ್ ಬಂಡಲ್ ಪೇಸಿಂಗ್ ಸಾಧ್ಯವೇ ಎಂದೂ ಕೇಳಿರಿ. ಅಷ್ಟರೊಳಗೆ ಮಲಗಿದಾಗ ಉಸಿರು ಕಟ್ಟಿದರೆ ಅಥವಾ ತಲೆಸುತ್ತಿ ಬಿದ್ದರೆ ಗುರುವಾರದವರೆಗೆ ಕಾಯಬೇಡಿ.